ಊರ ಸಂಘಕ್ಕೆ ಬಲ ಬರುವುದೆಲ್ಲಿಂದ?

ಧಾರವಾಡ ಜಿಲ್ಲೆಯ ಯಾವ ಹಳ್ಳಿಗೆ ಹೋದರೂ ಊರಿನ ಸಂಘಟನೆಗಳ ಪಟ್ಟಿ ಗೋಡೆಗಳ ಮೇಲೆಯೇ ಸಿಗುತ್ತದೆ. ಬಸ್ ತಂಗುದಾಣದ ಮೇಲೆ ಯುವಕ ಮಂಡಳದ ಹೆಸರು. ಗುಡಿಯ ಕಟ್ಟೆಗೆ ಹೊಂದಿಕೊಂಡ ಕೋಣೆಯ ಬಾಗಿಲಿಗೆ ಭಜನಾ ಮಂಡಳಿಯ ಬೋರ್ಡು. ಶಾಲೆಯ ಕಾಂಪೌಂಡಿಗೆ ಬಣ್ಣ ಹೊಡೆಸಿದ್ದು ಹಳೆಯ ವಿದ್ಯಾರ್ಥಿಗಳ ಸಂಘ. ಹಳ್ಳದ ದಂಡೆಯಲ್ಲಿ ಜಲಾನಯನ ಸಂಘದ ಮಾಸಿದ ಫಲಕ. ಅಂಗನವಾಡಿಯ ಜಗುಲಿಯಲ್ಲಿ ಹೆಂಗಸರ ಸಂಘದ ವಾರದ ಸಭೆ. ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯಂಥ ಅರೆಮಲೆನಾಡಿನ ಊರಾಗಲಿ, ನವಲಗುಂದದ ಎರೆಹೊಲಗಳ ನಡುವಿನ ಊರಾಗಲಿ, ಈ ಪಟ್ಟಿ ಹೆಚ್ಚು ಬದಲಾಗುವುದಿಲ್ಲ. ಬದಲಾಗುವುದು ಬೋರ್ಡಿನ ಹಿಂದಿನ ಸ್ಥಿತಿ. ಕೆಲವು ಸಂಘಗಳಲ್ಲಿ ಇಂದಿಗೂ ಸಭೆ ನಡೆಯುತ್ತದೆ, ಲೆಕ್ಕ ಓದುತ್ತಾರೆ, ಜಗಳವಾಡುತ್ತಾರೆ. ಇನ್ನು ಕೆಲವು ಉದ್ಘಾಟನೆಯ ಫೋಟೊದೊಂದಿಗೇ ನಿಂತುಹೋಗಿವೆ.

ಲಾಭ ಹಂಚಿಕೊಳ್ಳುವ ಉದ್ದೇಶವಿಲ್ಲದ ಇಂಥ ಸ್ಥಳೀಯ ಸಂಸ್ಥೆಗಳನ್ನು ಗಟ್ಟಿಗೊಳಿಸಬೇಕೆಂದು ಸರ್ಕಾರ, ಬ್ಯಾಂಕು, ಕಂಪನಿಗಳೆಲ್ಲ ಹೇಳುತ್ತವೆ. ಗಟ್ಟಿಗೊಳಿಸುವುದೆಂದರೆ ಸಾಮಾನ್ಯವಾಗಿ ಅನುದಾನ ಕೊಡುವುದು, ಎರಡು ದಿನದ ತರಬೇತಿ ಕೊಡುವುದು ಎಂದೇ ತಿಳಿಯಲಾಗುತ್ತದೆ. ಈ ಭಾಗದ ನೂರು ವರ್ಷಕ್ಕೂ ಹೆಚ್ಚಿನ ಅನುಭವ ಅಷ್ಟು ಸರಳವಾಗಿಲ್ಲ. ಹಣ ಬಂದಾಗ ಎದ್ದ ಸಂಘಗಳಲ್ಲಿ ಎಷ್ಟೋ ಹಣ ನಿಂತಾಗ ಮಲಗಿದವು. ಹಣ ಬರುವ ಮೊದಲೇ ಸಭೆ ಮತ್ತು ಲೆಕ್ಕದ ಶಿಸ್ತು ಕಲಿತವು ಹೆಚ್ಚು ಕಾಲ ಬಾಳಿದವು.

ದೈವ ಕೂಡುವುದರಿಂದ ನೋಂದಣಿವರೆಗೆ

ಉತ್ತರ ಕರ್ನಾಟಕದಲ್ಲಿ ಊರೊಟ್ಟಿನ ಕೆಲಸಕ್ಕೆ ದೈವ ಕೂಡುವುದು ಹಳೆಯ ರೂಢಿ. ಜಾತ್ರೆ ಮಾಡಬೇಕು, ಗುಡಿಗೆ ಸುಣ್ಣ ಹೊಡೆಸಬೇಕು, ಕೆರೆಯ ಹೂಳೆತ್ತಬೇಕು ಎಂದರೆ ಹಿರಿಯರು ಕೂತು ಮನೆಗಿಷ್ಟು ಎಂದು ಪಟ್ಟಿ ಹಾಕುತ್ತಾರೆ. ಕಾಗದವಿಲ್ಲ, ಕಚೇರಿಯಿಲ್ಲ, ಮಾತಿನ ಮೇಲೆ ಕೆಲಸ ನಡೆಯುತ್ತದೆ. ಪಟ್ಟಿ ಕೊಡದವನ ಹೆಸರು ಊರಿಗೆಲ್ಲ ಗೊತ್ತಾಗುವುದರಿಂದ ವಸೂಲಿಗೂ ತೊಂದರೆಯಿಲ್ಲ. ಈ ವ್ಯವಸ್ಥೆಯ ಶಕ್ತಿ ಇರುವುದು ಅದರ ಕಟ್ಟುಪಾಡಿನಲ್ಲಿ. ದೌರ್ಬಲ್ಯವೂ ಅಲ್ಲೇ ಇದೆ: ಕಟ್ಟೆಯ ಮೇಲೆ ಯಾರು ಕೂರಬೇಕೆಂಬುದು ಜಾತಿ, ಜಮೀನು ಮತ್ತು ಗಂಡಸುತನದಿಂದ ಮೊದಲೇ ತೀರ್ಮಾನವಾಗಿರುತ್ತದೆ. ಲೆಕ್ಕ ಒಬ್ಬರ ಜೇಬಿನ ಡೈರಿಯಲ್ಲಿ ಇರುತ್ತದೆ.

ಕಾಗದದ ಮೇಲೆ ನಿಲ್ಲುವ ಸಂಘಗಳು ಈ ಭಾಗಕ್ಕೆ ಬೇಗನೇ ಬಂದವು. 1890ರಲ್ಲಿ ರಾ.ಹ. ದೇಶಪಾಂಡೆಯವರು ಮುಂದಾಗಿ ಧಾರವಾಡದಲ್ಲಿ ಕಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಪಟ್ಟಣದ ವಿದ್ಯಾವಂತರದು. ಹಳ್ಳಿಯ ಮಟ್ಟಿಗೆ ದೊಡ್ಡ ಹೆಜ್ಜೆ 1905ರಲ್ಲಿ ಕಣಗಿನಹಾಳದಲ್ಲಿ ಬಿತ್ತು. ಅದರ ಹಿಂದಿನ ವರ್ಷವಷ್ಟೇ ಬ್ರಿಟಿಷ್ ಸರ್ಕಾರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ತಂದಿತ್ತು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರಿನ ರೈತರನ್ನು ಕೂಡಿಸಿ ಕಟ್ಟಿದ ಸಂಘ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾಯಿತು. ಆಗ ಧಾರವಾಡ ಜಿಲ್ಲೆಯಲ್ಲಿದ್ದ ಆ ಊರು 1997ರಿಂದ ಗದಗ ಜಿಲ್ಲೆಗೆ ಸೇರಿದೆ.

ಸಹಕಾರ ಸಂಘ ಸದಸ್ಯರ ಆರ್ಥಿಕ ಹಿತಕ್ಕಾಗಿ ಇರುವ ಸಂಸ್ಥೆ. ಅಲ್ಲಿ ಷೇರು ಇರುತ್ತದೆ, ಉಳಿದ ಲಾಭದಲ್ಲಿ ಷೇರುದಾರನಿಗೆ ಪಾಲು ಇರುತ್ತದೆ. ಊರಿನ ಸೊಸೈಟಿ, ಹಾಲಿನ ಡೇರಿ ಈ ಗುಂಪಿಗೆ ಸೇರಿದವು. ಯುವಕ ಮಂಡಳ, ಮಹಿಳಾ ಮಂಡಳ, ಜಲಾನಯನ ಸಂಘ, ಶಿಕ್ಷಣ ಸಂಸ್ಥೆ, ಸೇವಾ ಟ್ರಸ್ಟ್ ಇವುಗಳಲ್ಲಿ ಹಾಗಲ್ಲ. ಅವು ಗಳಿಸಬಾರದೆಂದಿಲ್ಲ, ಗಳಿಸಿದ್ದನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಈ ಒಂದು ಅಂಶ ಹಳ್ಳಿಯಲ್ಲಿ ಅನೇಕರಿಗೆ ಸ್ಪಷ್ಟವಿರುವುದಿಲ್ಲ. ಸಂಘದ ಖಾತೆಯಲ್ಲಿ ನಾಲ್ಕು ಕಾಸು ಉಳಿದರೆ ಅದು ತಪ್ಪೆಂದು ಹೆದರಿ ವರ್ಷದ ಕೊನೆಗೆ ಊಟ ಹಾಕಿಸಿ ಖರ್ಚು ಮಾಡುವ ಮಂಡಳಗಳೂ ಇವೆ.

ಏಳು ಜನ, ಒಂದು ನಿಯಮಾವಳಿ

ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಡುತ್ತದೆ. ಅದಕ್ಕೆ ಕಾನೂನಿನ ರೂಪ ಕೊಡಲು ಕರ್ನಾಟಕದಲ್ಲಿ ಹೆಚ್ಚು ಬಳಕೆಯಲ್ಲಿರುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಕನಿಷ್ಠ 7 ಮಂದಿ ವಯಸ್ಕರು ಸೇರಿ, ಸಂಘದ ಉದ್ದೇಶ ಹೇಳುವ ಜ್ಞಾಪನಾಪತ್ರ ಮತ್ತು ನಡೆಯುವ ರೀತಿ ಹೇಳುವ ನಿಯಮಾವಳಿ ಬರೆದು, ಸಹಕಾರ ಇಲಾಖೆಯ ಅಡಿಯಲ್ಲಿರುವ ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಟ್ರಸ್ಟ್ ಆದರೆ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸುತ್ತಾರೆ. 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಲಾಭರಹಿತ ಕಂಪನಿ ಮಾಡಲೂ ಬರುತ್ತದೆ. ಅದರ ಖರ್ಚು, ಕಾಗದಪತ್ರ ಹಳ್ಳಿಯ ಸಂಘಕ್ಕೆ ಭಾರವೇ.

ಸಂಘ ಮತ್ತು ಟ್ರಸ್ಟಿನ ನಡುವೆ ಆಯ್ಕೆ ಮಾಡುವಾಗ ಅಧಿಕಾರ ಯಾರ ಕೈಯಲ್ಲಿ ಇರಬೇಕೆಂಬುದೇ ಮುಖ್ಯ. ಸಂಘದಲ್ಲಿ ಸರ್ವಸಾಧಾರಣ ಸಭೆ ದೊಡ್ಡದು. ಅದು ಪದಾಧಿಕಾರಿಗಳನ್ನು ಆರಿಸುತ್ತದೆ, ಇಳಿಸುತ್ತದೆ. ಟ್ರಸ್ಟಿನಲ್ಲಿ ಸಾಮಾನ್ಯವಾಗಿ ಚುನಾವಣೆ ಇರುವುದಿಲ್ಲ, ಟ್ರಸ್ಟಿಗಳೇ ಮುಂದುವರಿಯುತ್ತಾರೆ. ನಡೆಸಲು ಟ್ರಸ್ಟ್ ಸುಲಭವೆಂಬುದು ನಿಜ. ಆದರೆ ಊರಿಗೆ ಊರೇ ಪಟ್ಟಿ ಹಾಕಿ ಕಟ್ಟಿದ ಆಸ್ತಿ ನಾಲ್ಕು ಮನೆತನದ ಟ್ರಸ್ಟಿಗೆ ಸೇರಿದರೆ ಮುಂದೆ ಪ್ರಶ್ನೆ ಕೇಳಲು ಜಾಗವೇ ಉಳಿಯುವುದಿಲ್ಲ.

ನೋಂದಣಿಯಾದ ಮೇಲಿನ ಕೆಲಸವೇ ಹೆಚ್ಚು ತಪ್ಪಿಹೋಗುವುದು. ಸಂಘ ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ ಕರೆಯಬೇಕು. ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕ ಪರಿಶೋಧನೆಯಾದ ಆಯವ್ಯಯವನ್ನೂ ನೋಂದಣಾಧಿಕಾರಿಗೆ ಕಳಿಸಬೇಕು. ಮೂರ್ನಾಲ್ಕು ವರ್ಷ ಇದನ್ನು ಬಿಟ್ಟ ಸಂಘಕ್ಕೆ ಅನುದಾನದ ಅರ್ಜಿ ಹಾಕುವ ದಿನ ಕಷ್ಟ ಶುರು: ಹಳೆಯ ವರ್ಷಗಳ ಲೆಕ್ಕ ಹೊಂದಿಸಬೇಕು, ದಂಡ ಕಟ್ಟಬೇಕು, ಊರು ಬಿಟ್ಟುಹೋದ ಕಾರ್ಯದರ್ಶಿಯ ಸಹಿ ಹುಡುಕಬೇಕು. ಕಾಯ್ದೆ ಸದಸ್ಯರಿಗೂ ಒಂದು ಅಸ್ತ್ರ ಕೊಟ್ಟಿದೆ. ಮೂರನೇ ಒಂದು ಭಾಗದಷ್ಟು ಸದಸ್ಯರು ಕೇಳಿದರೆ ನೋಂದಣಾಧಿಕಾರಿ ವಿಚಾರಣೆ ನಡೆಸಬಹುದು. ಅವ್ಯವಹಾರ ಸಾಬೀತಾದರೆ ಆಡಳಿತಾಧಿಕಾರಿಯನ್ನು ನೇಮಿಸಲೂ ಸರ್ಕಾರಕ್ಕೆ ಅವಕಾಶವಿದೆ.

ಠರಾವು ಪುಸ್ತಕ

ಸಂಘದ ಆರೋಗ್ಯ ನೋಡಬೇಕಾದರೆ ಕೇಳಬೇಕಾದ್ದು ನಾಲ್ಕು ಪುಸ್ತಕ: ಠರಾವು ಪುಸ್ತಕ, ಹಾಜರಿ, ನಗದು ಪುಸ್ತಕ, ಸದಸ್ಯರ ಖಾತೆ. ಇವುಗಳ ಬಳಕೆಯನ್ನು ಹಳ್ಳಿಯ ಕಟ್ಟಕಡೆಯ ಮನೆಗೆ ಮುಟ್ಟಿಸಿದ್ದು ಹೆಂಗಸರ ಸ್ವಸಹಾಯ ಸಂಘಗಳು. ಅವುಗಳ ಮೂಲವೂ ಒಂದು ಸೋಲಿನಲ್ಲೇ ಇದೆ. ಬೆಂಗಳೂರಿನಲ್ಲಿ 1968ರಲ್ಲಿ ಶುರುವಾದ ಮೈರಾಡ ಸಂಸ್ಥೆ ಕಟ್ಟಿಸಿದ್ದ ದೊಡ್ಡ ಸಹಕಾರ ಸಂಘಗಳು 1980ರ ದಶಕದ ನಡುವಿನಲ್ಲಿ ಒಡೆದವು. ಒಬ್ಬರನ್ನೊಬ್ಬರು ನಂಬುವ ಜನ ಸಣ್ಣ ಸಣ್ಣ ಗುಂಪಾಗಿ ಬೇರೆಯಾದರು. ಮೈರಾಡ ಆ ಗುಂಪುಗಳನ್ನು ಮತ್ತೆ ಸಹಕಾರ ಸಂಘಕ್ಕೆ ತಳ್ಳದೆ ಅವುಗಳ ಜೊತೆಗೇ ಕೆಲಸ ಮಾಡಿತು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ದೇಶದಾದ್ಯಂತ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಹೊರಟಿತು. ನೋಂದಣಿಯೇ ಇಲ್ಲದ ಗುಂಪಿನ ಹೆಸರಲ್ಲಿ ಬ್ಯಾಂಕು ಖಾತೆ ತೆರೆಯುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಕರ್ನಾಟಕ ಸರ್ಕಾರದ ಸ್ತ್ರೀಶಕ್ತಿ 2000–01ರಲ್ಲಿ, ರಾಷ್ಟ್ರೀಯ ಜೀವನೋಪಾಯ ಅಭಿಯಾನದ ಸಂಜೀವಿನಿ ಆಮೇಲೆ ಬಂದವು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಸಂಘಗಳೂ ಧಾರವಾಡದ ಹಳ್ಳಿಗಳಲ್ಲಿವೆ.

ವಾರದ ಸಭೆ ಹೇಗೆ ನಡೆಯುತ್ತದೆ ನೋಡೋಣ. ಸಂಜೆಯ ಅಡುಗೆಗೆ ಮೊದಲು ಹತ್ತು ಹದಿನೈದು ಮಂದಿ ದುಂಡಗೆ ಕೂರುತ್ತಾರೆ. ಹೋದ ವಾರದ ಠರಾವು ಓದುತ್ತಾರೆ. ಒಬ್ಬೊಬ್ಬರೂ ಉಳಿತಾಯದ ಹಣವನ್ನು ನಡುವೆ ಹಾಸಿದ ಬಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಡುತ್ತಾರೆ. ಬರೆಯುವವಳು ಗಟ್ಟಿಯಾಗಿ ಹೆಸರು, ಮೊತ್ತ ಹೇಳಿ ಬರೆಯುತ್ತಾಳೆ. ಓದು ಬಾರದವರಿಗೂ ಕಿವಿಯಿಂದಲೇ ಲೆಕ್ಕ ಸಿಗುತ್ತದೆ. ಆಮೇಲೆ ಸಾಲದ ಮಾತು: ಯಾರಿಗೆ, ಏಕೆ, ಎಷ್ಟು ಕಂತಿನಲ್ಲಿ. 15 ಮಂದಿ ವಾರಕ್ಕೆ 50 ರೂಪಾಯಿಯಂತೆ ಹಾಕಿದರೆ ವಾರಕ್ಕೆ 750, ವರ್ಷಕ್ಕೆ 39,000 ರೂಪಾಯಿ. ಅದು ಒಳಸಾಲವಾಗಿ ಸುತ್ತುವಾಗ ಬರುವ ಬಡ್ಡಿ ಸಂಘದಲ್ಲೇ ಉಳಿಯುತ್ತದೆ. ಈ ಮೊತ್ತ ದೊಡ್ಡದಲ್ಲ. ಬ್ಯಾಂಕಿನ ಮ್ಯಾನೇಜರು ನೋಡುವುದೂ ಮೊತ್ತವನ್ನಲ್ಲ. ಎರಡು ವರ್ಷ ಒಂದು ವಾರವೂ ತಪ್ಪದ ಹಾಜರಿಯನ್ನು.

ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಪುಸ್ತಕ: ಇವನ್ನು ಸಂಜೀವಿನಿಯ ತರಬೇತಿಯಲ್ಲಿ ಪಂಚಸೂತ್ರ ಎನ್ನುತ್ತಾರೆ. ಮನೆಬಾಗಿಲಿಗೆ ಬರುವ ಮೈಕ್ರೋ ಫೈನಾನ್ಸ್ ಗುಂಪು ಇದರಿಂದ ಬೇರೆ. ಅಲ್ಲಿಯೂ ಹೆಂಗಸರು ವಾರಕ್ಕೊಮ್ಮೆ ಸೇರುತ್ತಾರೆ, ಆದರೆ ಸೇರುವುದು ಕಂತು ಕಟ್ಟಲು. ಹಣವೂ ಕಂಪನಿಯದು, ತೀರ್ಮಾನವೂ ಕಂಪನಿಯದು. ವಸೂಲಿಯ ಕಿರುಕುಳ ವಿಪರೀತವಾಗಿ 2025ರಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಎರಡಕ್ಕೂ ಸಂಘವೆಂದೇ ಹೆಸರಿರುವ ಊರುಗಳಲ್ಲಿ ಒಂದರ ಕೆಟ್ಟ ಹೆಸರು ಇನ್ನೊಂದಕ್ಕೆ ತಟ್ಟಿದೆ.

ಯೋಜನೆ ಮುಗಿದ ಮೇಲೆ

ಹಳ್ಳಿಯ ಸಂಘಗಳನ್ನು ಹುಟ್ಟಿಸಿದ್ದೂ ಸೊರಗಿಸಿದ್ದೂ ಹೆಚ್ಚಾಗಿ ಯೋಜನೆಗಳೇ. ವಿಶ್ವಬ್ಯಾಂಕಿನ ನೆರವಿನ ಸುಜಲ ಜಲಾನಯನ ಯೋಜನೆ 2001ರಿಂದ 2009ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆಯಿತು. ಅದರ ರಚನೆ ಅಚ್ಚುಕಟ್ಟಾಗಿತ್ತು. ಅಕ್ಕಪಕ್ಕದ ಹೊಲದವರದೊಂದು ಪ್ರದೇಶ ಗುಂಪು, ಭೂಮಿ ಇಲ್ಲದವರಿಗೆ ಮತ್ತು ಹೆಂಗಸರಿಗೆ ಸ್ವಸಹಾಯ ಸಂಘ, ಇವೆಲ್ಲವುಗಳ ಪ್ರತಿನಿಧಿಗಳಿರುವ ಸುಜಲ ಜಲಾನಯನ ಸಂಘ. ಆ ಸಂಘ ಕಾಯ್ದೆಯಡಿ ನೋಂದಣಿಯಾಗಿ ಹಣವನ್ನು ತನ್ನ ಖಾತೆಯಲ್ಲೇ ಪಡೆಯುತ್ತಿತ್ತು. ಬದುವು, ಕೃಷಿಹೊಂಡ, ಚೆಕ್‌ಡ್ಯಾಂ ಎಲ್ಲಿ ಬೇಕೆಂದು ಊರಿನವರೇ ಕೂತು ಯೋಜನೆ ಮಾಡುತ್ತಿದ್ದರು. ರೈತರೂ ತಮ್ಮ ಪಾಲಿನ ವಂತಿಗೆ ಹಾಕಬೇಕಿತ್ತು. ಇಸ್ರೋದ ಆಂಟ್ರಿಕ್ಸ್ ಸಂಸ್ಥೆ ಉಪಗ್ರಹ ಚಿತ್ರಗಳ ನೆರವಿನಿಂದ ಕೆಲಸದ ಪರಿಣಾಮ ಅಳೆಯುತ್ತಿತ್ತು.

ಗುತ್ತಿಗೆದಾರನ ಬದಲು ಊರಿನ ಸಂಘವೇ ಕೆಲಸ ಮಾಡಿಸಿದ್ದು ದೊಡ್ಡ ಸುಧಾರಣೆ. ಆದರೆ ಇಂಥ ಸಂಘಕ್ಕೆ ಹುಟ್ಟಿನಲ್ಲೇ ಒಂದು ಕೊರತೆ ಅಂಟಿಕೊಂಡಿರುತ್ತದೆ: ಕೆಲಸ ಇರುವ ತನಕ ಮಾತ್ರ ಅದಕ್ಕೆ ಸಭೆ ಸೇರುವ ಕಾರಣ. ಗೌರವಧನ ಪಡೆಯುತ್ತಿದ್ದ ಕಾರ್ಯಕರ್ತ ಬೇರೆ ಕೆಲಸ ಹಿಡಿಯುತ್ತಾನೆ, ಕೈಹಿಡಿದು ನಡೆಸಿದ ಸಂಸ್ಥೆ ಮತ್ತೊಂದು ತಾಲ್ಲೂಕಿಗೆ ಹೋಗುತ್ತದೆ. ಚೆಕ್‌ಡ್ಯಾಮಿಗೆ ಹೂಳು ತುಂಬುವ ಹೊತ್ತಿಗೆ ಹೂಳೆತ್ತಿಸಬೇಕಾದ ಸಂಘ ಇರುವುದಿಲ್ಲ. ರಾಜ್ಯದ ಕೆರೆ ಅಭಿವೃದ್ಧಿಗೆ ಜಲ ಸಂವರ್ಧನೆ ಯೋಜನಾ ಸಂಘ ಕಟ್ಟಿಸಿದ ಕೆರೆ ಬಳಕೆದಾರರ ಸಂಘಗಳಲ್ಲಿಯೂ ಇದೇ ಕಥೆ ಹಲವೆಡೆ ಮರುಕಳಿಸಿತು. ಮೀನು ಹಿಡಿಯುವ ಹಕ್ಕಿನ ಹಣವೋ, ನೀರಿನ ಕರದ ಪಾಲೋ ಸಂಘಕ್ಕೆ ಗಟ್ಟಿಯಾಗಿ ಸಿಗದಿದ್ದರೆ ತೂಬಿನ ದುರಸ್ತಿಗೆ ಹಣ ಎಲ್ಲಿಂದ ಬರಬೇಕು?

ಕಲಘಟಗಿ ತಾಲ್ಲೂಕಿನ ಸೂರಶೆಟ್ಟಿಕೊಪ್ಪದಲ್ಲಿ ನಡೆದ ಕೆಲಸ ಈ ದೃಷ್ಟಿಯಿಂದ ಗಮನಿಸಬೇಕಾದ್ದು. ಮಣಿಭಾಯಿ ದೇಸಾಯಿಯವರು 1967ರಲ್ಲಿ ಪುಣೆ ಹತ್ತಿರದ ಉರುಳಿಕಾಂಚನದಲ್ಲಿ ಕಟ್ಟಿದ ಬೈಫ್ ಸಂಸ್ಥೆಯ ಕರ್ನಾಟಕದ ಶಾಖೆ ಇಲ್ಲಿ ಕೃಷಿಹೊಂಡಗಳ ಸರಣಿ ಮಾಡಿಸಿತು. ಮೇಲಿನ ಹೊಲದ ಹೊಂಡ ತುಂಬಿದ ನೀರು ಕೆಳಗಿನ ಹೊಲದ ಹೊಂಡಕ್ಕೆ ಹರಿಯುತ್ತದೆ. ಬದುವಿನ ಮೇಲೆ ಹಣ್ಣಿನ ಗಿಡ, ಕಟ್ಟಿಗೆ-ಮೇವಿನ ಗಿಡ. ಹೊಂಡ ಒಬ್ಬೊಬ್ಬರ ಹೊಲದಲ್ಲೇ ಇರುವುದರಿಂದ ಅದನ್ನು ನೋಡಿಕೊಳ್ಳಲು ಸಂಘ ಬೇಕಿಲ್ಲ. ಸಾರ್ವಜನಿಕ ಆಸ್ತಿ ಯಾವುದು, ಮನೆಯ ಆಸ್ತಿ ಯಾವುದು ಎಂದು ಮೊದಲೇ ಬೇರೆ ಮಾಡಿದರೆ ಸಂಘದ ಮೇಲಿನ ಹೊರೆ ಅಷ್ಟರಮಟ್ಟಿಗೆ ಇಳಿಯುತ್ತದೆ. ಎಲ್ಲವನ್ನೂ ಸಂಘದ ತಲೆಗೆ ಕಟ್ಟುವ ಉತ್ಸಾಹ ಬಹಳ ಯೋಜನೆಗಳಿಗೆ ಇರುತ್ತದೆ.

ತೀರ್ಥದ ಹೆಂಗಸರು

ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘ 2018ರಲ್ಲಿ ಶುರುವಾಯಿತು. 2025ರಲ್ಲಿ ಅದಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಜಗತ್ತಿನ ಸುಮಾರು 700 ನಾಮನಿರ್ದೇಶನಗಳಲ್ಲಿ ಆಯ್ಕೆಯಾದ 10 ಸಂಘಟನೆಗಳಲ್ಲಿ ಅದೂ ಒಂದು. ಬಹುಮಾನದ ಮೊತ್ತ 10,000 ಡಾಲರ್. ಪ್ರಶಸ್ತಿಯ ಸುದ್ದಿಯನ್ನು ಎಲ್ಲ ಪತ್ರಿಕೆಗಳೂ ಬರೆದವು. ಸಂಘಕ್ಕೆ ಬಲ ಬಂದ ದಾರಿಯ ಬಗ್ಗೆ ಅಷ್ಟು ಚರ್ಚೆಯಾಗಲಿಲ್ಲ.

ಕುಂದಗೋಳದ ಕಡೆ ಸಾವಿ, ನವಣಿ ಹಿಂದೆ ಮನೆಮನೆಯ ಬೆಳೆ. ಮಳೆ ಕೈಕೊಟ್ಟರೂ ಬರುವ ಬೆಳೆಯನ್ನು ಜನ ಬಿಟ್ಟದ್ದಕ್ಕೆ ಬೆಲೆಯೊಂದೇ ಕಾರಣವಲ್ಲ. ಸಾವಿಯ ಕಾಳು ಸಣ್ಣದು, ಸಿಪ್ಪೆ ಬಿಗಿ. ಕುಟ್ಟಿ, ಕೇರಿ ಅಕ್ಕಿ ಮಾಡುವ ದುಡಿತವೆಲ್ಲ ಹೆಂಗಸರ ರಟ್ಟೆಯ ಮೇಲೆ. ರೇಷನ್ ಅಕ್ಕಿ ಮನೆಗೆ ಬಂದ ಮೇಲೆ ಆ ಕಷ್ಟ ಯಾರಿಗೆ ಬೇಕು? ಊರ ಗಿರಣಿಯಲ್ಲಿ ಜೋಳ, ಗೋದಿ ಬೀಸುತ್ತಾರೆ. ಸಾವಿಯ ಸಿಪ್ಪೆ ತೆಗೆಯಲು ಬೇರೆಯೇ ಯಂತ್ರ ಬೇಕು. ಸಂಘ ಕೈಹಾಕಿದ್ದು ಸರಿಯಾಗಿ ಈ ಗಂಟಿಗೆ. ದೇಸಿ ಬೀಜಗಳ ಕೆಲಸ ಮಾಡುವ ಸಹಜ ಸಮೃದ್ಧ ಸಂಸ್ಥೆ ಬೀಜ ಮತ್ತು ಮಿಶ್ರಬೆಳೆಯ ತಿಳಿವಳಿಕೆ ಕೊಟ್ಟಿತು. ಸೆಲ್ಕೊ ಫೌಂಡೇಶನ್ ಸೌರಶಕ್ತಿಯಿಂದ ನಡೆಯುವ ಸಂಸ್ಕರಣಾ ಘಟಕಕ್ಕೆ ನೆರವಾಯಿತು. ಹೆಂಗಸರು ಸಮುದಾಯ ಬೀಜ ಬ್ಯಾಂಕು ನಡೆಸಿದರು, ಸುತ್ತಲಿನ ಊರುಗಳ ರೈತರಿಗೆ ಬೀಜ ಹಂಚಿದರು, ಯಂತ್ರಗಳನ್ನು ತಾವೇ ನಡೆಸಲು ಕಲಿತರು. ಮಾರಾಟಕ್ಕೆ ರೈತ ಉತ್ಪಾದಕರ ಕಂಪನಿಯ ನಂಟು ಸಿಕ್ಕಿತು.

ಹೊರಗಿನ ಸಂಸ್ಥೆಗಳು ಇಲ್ಲಿ ಒಂದಲ್ಲ, ಹಲವು. ಒಂದೊಂದೂ ತನಗೆ ಗೊತ್ತಿರುವ ಕೆಲಸವನ್ನಷ್ಟೇ ಮಾಡಿತು. ಘಟಕದ ಬೀಗದ ಕೈ ಸಂಘದ ಬಳಿಯೇ ಉಳಿಯಿತು. ಸಾವಿ ಅಕ್ಕಿ ಮಾಡಿಸಲು ಬರುವ ರೈತ ಕೊಡುವ ದುಡ್ಡು, ರವೆ-ಹಿಟ್ಟು-ರೊಟ್ಟಿ ಮಾರಿದ ದುಡ್ಡು ಸಂಘದ ಸ್ವಂತ ಆದಾಯ. ಇದಕ್ಕೆ ಯಾರ ಅನುಮೋದನೆಯೂ ಬೇಕಿಲ್ಲ. ಹೆಂಗಸರ ಹೆಗಲಿನ ಭಾರ ಇಳಿಸುವ ಕೆಲಸವನ್ನೇ ಸಂಘ ಆರಿಸಿಕೊಂಡದ್ದರಿಂದ ಸಭೆಗೆ ಬನ್ನಿ ಎಂದು ಮನೆಮನೆಗೆ ಹೋಗಿ ಕರೆಯುವ ಪ್ರಸಂಗವೂ ಕಡಿಮೆ.

ದುಡ್ಡಿನ ದಾರಿ ಕಿರಿದಾದದ್ದು

ದೊಡ್ಡ ಸಂಸ್ಥೆ ವಿದೇಶದಿಂದ ಹಣ ತಂದು, ಅದರಲ್ಲಿ ಒಂದು ಪಾಲನ್ನು ಹಳ್ಳಿಯ ಸಣ್ಣ ಸಂಘಗಳಿಗೆ ಹಂಚುವುದು ಬಹುಕಾಲದ ಪದ್ಧತಿಯಾಗಿತ್ತು. 2020ರ ಸೆಪ್ಟೆಂಬರಿನಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ ಬಂದ ತಿದ್ದುಪಡಿ ಈ ಹಂಚಿಕೆಯನ್ನೇ ನಿಲ್ಲಿಸಿತು. ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಕೊಡುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ನೇರವಾಗಿ ತಾನೇ ನೋಂದಣಿ ಪಡೆಯಬೇಕೆಂದರೆ ಸಂಘಕ್ಕೆ ಕನಿಷ್ಠ 3 ವರ್ಷ ಆಗಿರಬೇಕು, ಹಿಂದಿನ 3 ವರ್ಷಗಳಲ್ಲಿ ತನ್ನ ಮೂಲ ಕೆಲಸಕ್ಕೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಹಳ್ಳಿಯ ಮಹಿಳಾ ಮಂಡಳಕ್ಕೆ ಇದು ಮುಟ್ಟುವ ಎತ್ತರವಲ್ಲ. ವಿದೇಶಿ ಹಣದ ಮೇಲೆ ನಿಗಾ ಇಡಬೇಕೆಂಬ ಸರ್ಕಾರದ ವಾದ ಏನೇ ಇರಲಿ, ಪೆಟ್ಟು ಬಿದ್ದದ್ದು ಹೆಚ್ಚಾಗಿ ಕೊನೆಯ ತುದಿಯ ಸಣ್ಣವರಿಗೆ.

ಇನ್ನೊಂದು ದಾರಿ ಕಂಪನಿಗಳ ಸಾಮಾಜಿಕ ಹೊಣೆಯ ಸಿಎಸ್‌ಆರ್ ನಿಧಿ. 2014ರ ಏಪ್ರಿಲಿನಿಂದ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಇದಕ್ಕೆ ತೆಗೆದಿಡಬೇಕು. ಆ ಹಣ ಪಡೆಯುವ ಸಂಸ್ಥೆಗೆ 3 ವರ್ಷದ ಕೆಲಸದ ದಾಖಲೆ, ಆದಾಯ ತೆರಿಗೆ ಇಲಾಖೆಯ 12ಎ ಮತ್ತು 80ಜಿ ಎಂದು ಕರೆಯುವ ಎರಡು ನೋಂದಣಿ, 2021ರಿಂದ ಸಿಎಸ್‌ಆರ್–1 ಸಂಖ್ಯೆ ಬೇಕು. 12ಎ ಇದ್ದರೆ ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ. 80ಜಿ ಇದ್ದರೆ ದೇಣಿಗೆ ಕೊಟ್ಟವರಿಗೆ ವಿನಾಯಿತಿ. ಜಾತ್ರೆಗೆ ಬಂದ ಹುಬ್ಬಳ್ಳಿ–ಬೆಂಗಳೂರಿನ ಊರವರು ಶಾಲೆಗೆಂದು ದೇಣಿಗೆ ಕೊಡುವಾಗ ಒಂದು ಸಣ್ಣ ಸಂಗತಿ ನೆನಪಿಡಬೇಕು: 2,000 ರೂಪಾಯಿಗೆ ಮೀರಿ ನಗದಾಗಿ ಕೊಟ್ಟರೆ 80ಜಿ ಲಾಭ ಸಿಗುವುದಿಲ್ಲ.

ಕಂಪನಿಗಳ ಹಣಕ್ಕೆ ಇನ್ನೊಂದು ಗುಣವಿದೆ. ಅದು ಶಾಲೆಗೆ ಬೆಂಚು ಕೊಡುತ್ತದೆ, ನೀರಿನ ಘಟಕ ಕೊಡುತ್ತದೆ, ಹೊಂಡ ತೋಡಿಸುತ್ತದೆ. ಲೆಕ್ಕ ಬರೆಯುವವಳ ಸಂಬಳ ಕೊಡಿ ಎಂದರೆ ಹಿಂಜರಿಯುತ್ತದೆ. ಬೆಂಚಿನ ಮೇಲೆ ಹೆಸರು ಬರೆಸಬಹುದು, ನಗದು ಪುಸ್ತಕದ ಮೇಲೆ ಬರೆಸಲಾಗದು. ಸಂಘ ಸೊರಗುವುದು ಮಾತ್ರ ಬೆಂಚಿಲ್ಲದೆ ಅಲ್ಲ, ಬರೆಯುವವರಿಲ್ಲದೆ. ಈ ವಿಷಯದಲ್ಲಿ ಸಂಜೀವಿನಿಯ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟಗಳು ಸರಿಯಾದ ದಾರಿ ಹಿಡಿದಿವೆ. ಒಕ್ಕೂಟಕ್ಕೆ ಎಂಬಿಕೆ ಎಂದು ಕರೆಯುವ ಮುಖ್ಯ ಪುಸ್ತಕ ಬರಹಗಾರ್ತಿ ಇರುತ್ತಾರೆ. ಅದೇ ಊರಿನ ಓದಿದ ಹೆಣ್ಣುಮಗಳು. ಅವರ ಗೌರವಧನ ಕಡಿಮೆ, ಕೆಲಸ ಹೆಚ್ಚು ಎಂಬ ದೂರು ಬೇರೆ.

ಸ್ವಂತ ಆದಾಯ ಎಷ್ಟು ಸಣ್ಣದಿದ್ದರೂ ಸಂಘದ ಬೆನ್ನು ನೇರವಾಗುತ್ತದೆ. ಮದುವೆ, ಸೀಮಂತಕ್ಕೆ ಪಾತ್ರೆ, ಹಂಡೆ, ಶಾಮಿಯಾನ ಬಾಡಿಗೆಗೆ ಕೊಡುವ ಮಂಡಳಗಳು ಹಲವು ಊರಲ್ಲಿವೆ. ಪಾತ್ರೆಯ ಅಂಚಿಗೆ ಸಂಘದ ಹೆಸರು ಕೊರೆದಿರುತ್ತದೆ, ಕಳೆದುಹೋದ ಸೌಟಿನ ದಂಡವೂ ಠರಾವಿನಲ್ಲಿ ಬರೆದಿರುತ್ತದೆ. ಕೆಲವು ಒಕ್ಕೂಟಗಳ ಹೆಂಗಸರು ಪಂಚಾಯಿತಿಯೊಂದಿಗೆ ಒಪ್ಪಂದ ಮಾಡಿಕೊಂಡು ಕಸ ಒಯ್ಯುವ ಸ್ವಚ್ಛ ವಾಹಿನಿಯ ಸ್ಟೇರಿಂಗ್ ಹಿಡಿದಿದ್ದಾರೆ.

ಒಂದೇ ಗಿರಾಕಿ

ಸ್ವಂತ ಆದಾಯವೂ ಒಂದೇ ಮೂಲದಿಂದ ಬರುತ್ತಿದ್ದರೆ ಏನಾಗುತ್ತದೆ ಎಂಬುದಕ್ಕೆ ಧಾರವಾಡ ಜಿಲ್ಲೆಯಲ್ಲೇ ಉದಾಹರಣೆಯಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಹುಟ್ಟಿತು. ಭಾರತೀಯ ಮಾನಕ ಸಂಸ್ಥೆಯ ಪ್ರಮಾಣಪತ್ರ ಪಡೆದು ಖಾದಿಯ ರಾಷ್ಟ್ರಧ್ವಜ ತಯಾರಿಸುವ ಕೇಂದ್ರವಾಗಿ ದೇಶಕ್ಕೆಲ್ಲ ಹೆಸರಾಯಿತು. ಧ್ವಜದ ಬಟ್ಟೆಗೆ ಧಾರವಾಡ ತಾಲ್ಲೂಕಿನ ಗರಗ ಗ್ರಾಮದ ಸೇವಾ ಸಂಘದ ಮಗ್ಗಗಳೂ ಹೆಸರುವಾಸಿ. ನೂಲುವುದು, ನೇಯುವುದು, ಬಣ್ಣ ಹಾಕುವುದು, ಅಶೋಕ ಚಕ್ರ ಮುದ್ರಿಸುವುದು, ಹೊಲಿಯುವುದು: ಒಂದೊಂದು ಹಂತಕ್ಕೂ ತಪಾಸಣೆ. 21×14 ಅಡಿಯ ದೊಡ್ಡ ಬಾವುಟದಿಂದ 6×4 ಇಂಚಿನ ಮೇಜಿನ ಬಾವುಟದವರೆಗೆ 9 ಅಳತೆ. ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು.

2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದುಪಡಿಯಾಯಿತು. ಯಂತ್ರದಲ್ಲಿ ತಯಾರಿಸಿದ, ಪಾಲಿಯೆಸ್ಟರ್ ಬಟ್ಟೆಯ ಧ್ವಜಕ್ಕೂ ಅನುಮತಿ ಸಿಕ್ಕಿತು. ಮರುವರ್ಷ ಮನೆಮನೆಯಲ್ಲಿ ತ್ರಿವರ್ಣ ಹಾರಿಸುವ ಅಭಿಯಾನ ನಡೆದಾಗ ಬೇಡಿಕೆ ಹಿಂದೆಂದೂ ಇಲ್ಲದಷ್ಟು ಏರಿತ್ತು. ಆದರೆ ಅಗ್ಗದ ಪಾಲಿಯೆಸ್ಟರ್ ಎದುರು ಕೈನೂಲಿನ ಬಾವುಟ ನಿಲ್ಲಲಾಗಲಿಲ್ಲ. ಬೆಂಗೇರಿಯವರು ಪ್ರತಿಭಟನೆಗೆ ಇಳಿದರು. ಆಡಳಿತ, ಪ್ರಾಮಾಣಿಕತೆ, ಗುಣಮಟ್ಟ ಯಾವುದರಲ್ಲೂ ಕೊರತೆಯಿಲ್ಲದ ಸಂಸ್ಥೆಯೂ ದೆಹಲಿಯ ಒಂದು ಅಧಿಸೂಚನೆಗೆ ಅಲುಗಾಡಬಹುದು.

ಕುರ್ಚಿ ಮತ್ತು ಎರಡನೇ ಸಾಲು

ಹಳ್ಳಿಯ ಸಂಘಗಳಲ್ಲಿ ಅಧ್ಯಕ್ಷರು ಬದಲಾಗುವುದು ಕಡಿಮೆ. ಓಡಾಡುವವರು, ಕಚೇರಿಯಲ್ಲಿ ಮಾತಾಡಲು ಬರುವವರು ಒಬ್ಬಿಬ್ಬರೇ ಇರುತ್ತಾರೆ. ಸಂಘ ಅವರ ಹೆಸರಿನಲ್ಲೇ ಗುರುತಾಗುತ್ತದೆ. ಅವರು ಪಂಚಾಯಿತಿ ಚುನಾವಣೆಗೆ ನಿಂತ ದಿನ ಸಂಘ ಎರಡಾಗುತ್ತದೆ. ಇದನ್ನು ತಡೆಯುವ ಉಪಾಯ ನಿಯಮಾವಳಿಯಲ್ಲೇ ಇದೆ, ಬರೆಯುವಾಗ ಯಾರೂ ಗಮನ ಕೊಡುವುದಿಲ್ಲ. ಬಹಳ ಸಂಘಗಳ ನಿಯಮಾವಳಿ ಟೈಪಿಂಗ್ ಅಂಗಡಿಯಲ್ಲಿ ಸಿದ್ಧವಾಗಿರುವ ಒಂದೇ ಪ್ರತಿ. ಹೆಸರು, ಊರು ಬದಲಾಯಿಸಿ ಕೊಡುತ್ತಾರೆ. ಪದಾಧಿಕಾರಿ ಎಷ್ಟು ಅವಧಿ ಮಾತ್ರ ಇರಬಹುದು, ಚುನಾವಣೆಗೆ ನಿಲ್ಲುವವರು ರಾಜೀನಾಮೆ ಕೊಡಬೇಕೇ, ಬ್ಯಾಂಕಿನ ಸಹಿ ಯಾವ ಇಬ್ಬರದು, ಮಂಡಳಿಯಲ್ಲಿ ದಲಿತರು, ಹೆಂಗಸರು ಎಷ್ಟು ಮಂದಿ ಎಂಬುದನ್ನು ಅಲ್ಲಿಯೇ ಬರೆದುಕೊಳ್ಳಬಹುದು. ಸ್ವಸಹಾಯ ಸಂಘಗಳು ಪ್ರತಿನಿಧಿಗಳನ್ನು ಕಾಲಕಾಲಕ್ಕೆ ಬದಲಾಯಿಸುವ ಪದ್ಧತಿ ಇಟ್ಟುಕೊಂಡಿರುವುದರಿಂದ ಬ್ಯಾಂಕಿಗೆ ಹೋಗಿ ಬಂದ ಹೆಂಗಸರು ಒಂದೊಂದು ಗುಂಪಿನಲ್ಲೂ ನಾಲ್ಕಾರು ಮಂದಿ ಸಿಗುತ್ತಾರೆ.

ಗ್ರಾಮ ಪಂಚಾಯಿತಿಯೊಂದಿಗಿನ ಸಂಬಂಧ ನಾಜೂಕಿನದು. ಪಂಚಾಯಿತಿ ಚುನಾಯಿತ ಸಂಸ್ಥೆ. ರಸ್ತೆ, ನೀರು, ದೀಪ ಅದರ ಹೊಣೆ. ಅದು ಮಾಡಬೇಕಾದ್ದನ್ನು ಸಂಘ ಹೊತ್ತುಕೊಂಡರೆ ಪಂಚಾಯಿತಿ ಕೈತೊಳೆದುಕೊಳ್ಳುತ್ತದೆ. ಗ್ರಾಮಸಭೆಗೆ ಸಂಘದವರು ಲೆಕ್ಕ ಹಿಡಿದು ಗುಂಪಾಗಿ ಹೋದರೆ ಅಲ್ಲಿ ಕೇಳುವ ಪ್ರಶ್ನೆಗೆ ತೂಕ ಬರುತ್ತದೆ. ಈ ಭಾಗಕ್ಕೆ ಅಂಥ ಪರಂಪರೆಯೂ ಇದೆ. 1984ರಲ್ಲಿ ಎಸ್.ಆರ್. ಹಿರೇಮಠರು ಧಾರವಾಡದಲ್ಲಿ ಕಟ್ಟಿದ ಸಮಾಜ ಪರಿವರ್ತನ ಸಮುದಾಯ, 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಹಳ್ಳಿಗರೊಂದಿಗೆ ಕಿತ್ತಿಕೊ–ಹಚ್ಚಿಕೊ ಸತ್ಯಾಗ್ರಹ ನಡೆಸಿತು. ಊರ ಸಾಮೂಹಿಕ ಭೂಮಿಯಲ್ಲಿ ಕಾರ್ಖಾನೆಗೆಂದು ನೆಟ್ಟ ನೀಲಗಿರಿ ಕಿತ್ತು, ಜನರಿಗೆ ಬೇಕಾದ ಗಿಡ ನೆಟ್ಟರು.

ಬೀಗ ಹಾಕುವಾಗ

ಉದ್ದೇಶ ತೀರಿದ ಸಂಘವನ್ನು ಸುಮ್ಮನೆ ಬಿಟ್ಟುಬಿಡುವುದು ವಾಡಿಕೆ. ಹಾಗೆ ಬಿಟ್ಟ ಸಂಘದ ಹೆಸರಿನಲ್ಲಿ ಬ್ಯಾಂಕಿನಲ್ಲಿ ಸ್ವಲ್ಪ ಹಣ, ಯಾರದೋ ಮನೆಯ ಅಟ್ಟದ ಮೇಲೆ ಪಂಪ್‌ಸೆಟ್, ಜಮಖಾನೆ, ಕುರ್ಚಿ ಉಳಿದಿರುತ್ತವೆ. ಹತ್ತು ವರ್ಷದ ಮೇಲೆ ಅದಕ್ಕಾಗಿ ಜಗಳ ಬೀಳುತ್ತದೆ. ಕಾಯ್ದೆಯಲ್ಲಿ ವಿಸರ್ಜನೆಗೂ ದಾರಿಯಿದೆ. ಸದಸ್ಯರ ಸಭೆ ಕರೆದು ಠರಾವು ಮಾಡಬೇಕು, ಆಸ್ತಿಯ ಪಟ್ಟಿ ಬರೆಯಬೇಕು, ಕೊಡಬೇಕಾದ ಸಾಲ ತೀರಿಸಬೇಕು. ಉಳಿದದ್ದನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಅದು ಅದೇ ಉದ್ದೇಶದ ಇನ್ನೊಂದು ಸಂಘಕ್ಕೆ ಸೇರಬೇಕು. ಅಲ್ಲಿಯೇ ಪಕ್ಕದ ಓಣಿಯಲ್ಲಿ ವಾರ ತಪ್ಪದೆ ಸಭೆ ಸೇರುವ ಹೆಂಗಸರ ಒಕ್ಕೂಟವಿದ್ದರೆ, ನಿಯಮಾವಳಿಯ ಉದ್ದೇಶಗಳು ಹೊಂದುವಂತಿದ್ದರೆ, ಜಮಖಾನೆ ಕುರ್ಚಿಗಳನ್ನು ಅವರ ದಾಸ್ತಾನು ಪುಸ್ತಕಕ್ಕೆ ಏರಿಸಿ, ರಸೀದಿ ಪಡೆದು, ಖಾತೆ ಮುಚ್ಚಿ, ನೋಂದಣಾಧಿಕಾರಿಗೆ ತಿಳಿಸಿದರೆ ಕೆಲಸ ಮುಗಿಯುತ್ತದೆ.